ಮಕ್ಕಳಿಗಾಗಿ ಮನೆಯಲ್ಲೇ ಬಣ್ಣದ ಬಿಸ್ಕತ್ತು: ಅಡುಗೆಮನೆಯ ಬಣ್ಣಗಳ ಗುಣಧರ್ಮ

ಮಕ್ಕಳ ತಿನಿಸಿಗೆ ರುಚಿಯಷ್ಟೇ ಬಣ್ಣವೂ ಆಕಾರವೂ ಮುಖ್ಯವೆಂಬುದು ನಮ್ಮ ಹಿರಿಯರಿಗೆ ಚೆನ್ನಾಗಿ ತಿಳಿದಿತ್ತು. ಉತ್ತರ ಕರ್ನಾಟಕದಲ್ಲಿ ಗೌರಿ ಹುಣ್ಣಿಮೆಯ ಸಂಜೆ ಹೆಣ್ಣುಮಕ್ಕಳು ಹಿಡಿದು ಹೊರಡುವ ಸಕ್ಕರೆ ಆರತಿಗಳಲ್ಲಿ ಆನೆ, ನವಿಲು, ತೇರು ಮೊದಲಾದ ರೂಪಗಳೆಲ್ಲ ಇರುತ್ತವೆ. ಹಳೆಯ ಮೈಸೂರು ಸೀಮೆಯ ಮನೆಗಳಲ್ಲಿ ಸಂಕ್ರಾಂತಿಯ ಎಳ್ಳು-ಬೆಲ್ಲದ ಜೊತೆಗೆ ಸಕ್ಕರೆ ಅಚ್ಚುಗಳು ಸಿದ್ಧವಾಗುತ್ತವೆ. ಮರದ ಅಚ್ಚಿನಿಂದ ಹೊರಬಂದ ಸಕ್ಕರೆಯ ಆನೆಯನ್ನು ಮಗು ಕೂಡಲೇ ತಿನ್ನುವುದಿಲ್ಲ. ಮೊದಲು ಅದರೊಡನೆ ಆಡುತ್ತದೆ, ಆಮೇಲೆ ಸೊಂಡಿಲಿನಿಂದ ಆರಂಭಿಸಿ ಮೆಲ್ಲಗೆ ಕಡಿಯುತ್ತದೆ.

ಇಂದು ಆ ಸ್ಥಾನವನ್ನು ಬಹುಮಟ್ಟಿಗೆ ಬೇಕರಿಯ ಬಣ್ಣಬಣ್ಣದ ಬಿಸ್ಕತ್ತುಗಳು ಆಕ್ರಮಿಸಿವೆ. ಮಕ್ಕಳು ಅವನ್ನು ಕುಕೀಸ್ ಎಂದು ಕರೆಯುತ್ತಾರೆ. ಮಗುವಿನ ಆಸೆಯಲ್ಲಿ ದೋಷವೇನೂ ಇಲ್ಲ. ಬಣ್ಣವನ್ನು ಕಂಡು ಹಿಗ್ಗುವುದು ಬಾಲ್ಯದ ಸಹಜ ಗುಣ. ಆದರೆ ಆ ಬಣ್ಣ ಎಲ್ಲಿಂದ ಬಂದಿತು, ಎಷ್ಟು ಬಂದಿತು ಎಂದು ಕೇಳುವ ಹೊಣೆ ಹಿರಿಯರದು. ಅದೇ ಸಂತೋಷವನ್ನು ಅರಿಸಿನ, ಬೀಟ್‌ರೂಟ್, ಪಾಲಕ್ ಮತ್ತು ರಾಗಿಗಳಿಂದ ಮನೆಯಲ್ಲೇ ಪಡೆಯಲು ಸಾಧ್ಯವಿದೆ. ಅದಕ್ಕೆ ಬೇಕಾದದ್ದು ಒಂದೊಂದು ಬಣ್ಣದ ಸ್ವಭಾವದ ಅರಿವು. ಅದನ್ನು ತಿಳಿಯದೆ ಮಾಡಿದಾಗ ಕೆಂಪು ಕಂದಾಗುತ್ತದೆ, ಹಸಿರು ಮಂಕಾಗುತ್ತದೆ; ಬೇಸತ್ತ ತಾಯಿ ಮತ್ತೆ ಅಂಗಡಿಯ ಬಣ್ಣದ ಸೀಸೆಗೇ ಕೈ ಚಾಚುತ್ತಾಳೆ.

ಎಚ್ಚರ ಏಕೆ ಬೇಕು?

ನಮ್ಮ ದೇಶದಲ್ಲಿ ಆಹಾರಕ್ಕೆ ಸೇರಿಸಲು ಕಾನೂನು ಒಪ್ಪಿರುವ ಕೃತಕ ಬಣ್ಣಗಳು ಎಂಟು. ಅವುಗಳಿಗೂ ಮಿತಿಯಿದೆ. ಮಿತಿಯೊಳಗೆ ಬಳಸಿದ ಬಣ್ಣವನ್ನು ವಿಷವೆಂದು ಕರೆಯುವುದು ಸರಿಯಲ್ಲ. ತೊಂದರೆ ಹುಟ್ಟುವುದು ಎರಡು ಕಡೆ: ಮಿತಿ ಮೀರಿದಾಗ, ಮತ್ತು ಆಹಾರಕ್ಕೆ ಸಲ್ಲದ ಬಣ್ಣವನ್ನು ಆಹಾರಕ್ಕೆ ಬೆರೆಸಿದಾಗ. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರವು ಕಾಟನ್ ಕ್ಯಾಂಡಿ ಮತ್ತು ಗೋಬಿ ಮಂಚೂರಿಗಳಲ್ಲಿ ಕೃತಕ ಬಣ್ಣದ ಬಳಕೆಯನ್ನು ನಿಷೇಧಿಸಿತು. ಪರೀಕ್ಷೆಗೆ ಒಳಪಡಿಸಿದ ಮಾದರಿಗಳಲ್ಲಿ ರೋಡಮಿನ್-ಬಿ ಎಂಬ, ಬಟ್ಟೆ ಮತ್ತು ಕಾಗದಗಳಿಗೆ ಬಳಸುವ ಬಣ್ಣ ಕಂಡುಬಂದದ್ದೇ ಇದಕ್ಕೆ ಕಾರಣ. ಅದೇ ವರ್ಷ ರಾಜ್ಯದ ಆಹಾರ ಸುರಕ್ಷತಾ ಇಲಾಖೆಯು 235 ಕೇಕ್ ಮಾದರಿಗಳನ್ನು ಪರೀಕ್ಷಿಸಿದಾಗ 12 ಮಾದರಿಗಳು ಕೃತಕ ಬಣ್ಣದ ಕಾರಣದಿಂದ ಅಸುರಕ್ಷಿತವೆಂದು ತಿಳಿದುಬಂದಿತು. ಎಲ್ಲ ಬೇಕರಿಗಳೂ ಹಾಗೆಯೇ ಎಂದು ಇದರ ಅರ್ಥವಲ್ಲ. ಕಣ್ಣಿಗೆ ಮಾತ್ರ ನಂಬಿ ಕೊಳ್ಳಬಾರದೆಂದು ಇದರ ಅರ್ಥ.

ಒಪ್ಪಿತ ಬಣ್ಣಗಳ ವಿಷಯದಲ್ಲಿಯೂ ಮಕ್ಕಳ ಬಗೆಗೆ ವಿಶೇಷ ವಿಚಾರ ನಡೆದಿದೆ. 2007ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ಮೂರು ವರ್ಷದ ಹಾಗೂ ಎಂಟು-ಒಂಬತ್ತು ವರ್ಷದ ಮಕ್ಕಳಿಗೆ ಕೆಲವು ಕೃತಕ ಬಣ್ಣಗಳು ಮತ್ತು ಸೋಡಿಯಂ ಬೆಂಜೊಯೇಟ್ ಎಂಬ ಸಂರಕ್ಷಕವನ್ನು ಬೆರೆಸಿದ ಪಾನೀಯ ಕೊಟ್ಟು ಪರೀಕ್ಷಿಸಿದರು. ಮಕ್ಕಳ ಚಂಚಲತೆ ಸರಾಸರಿಯಲ್ಲಿ ತುಸು ಹೆಚ್ಚಿದ್ದು ಕಂಡುಬಂದಿತು. ಪರಿಣಾಮ ದೊಡ್ಡದಾಗಿರಲಿಲ್ಲ, ಎಲ್ಲ ಮಕ್ಕಳಲ್ಲಿಯೂ ಒಂದೇ ಬಗೆಯಾಗಿರಲಿಲ್ಲ. ಆದರೂ ಯುರೋಪಿನ ಒಕ್ಕೂಟವು 2010ರ ಜುಲೈನಿಂದ ಆರು ಬಣ್ಣಗಳ ವಿಷಯದಲ್ಲಿ, ಮಕ್ಕಳ ಚಟುವಟಿಕೆ ಮತ್ತು ಗಮನದ ಮೇಲೆ ಪ್ರತಿಕೂಲ ಪರಿಣಾಮ ಆಗಬಹುದೆಂಬ ಎಚ್ಚರಿಕೆಯನ್ನು ಪೊಟ್ಟಣದ ಮೇಲೆ ಮುದ್ರಿಸುವುದನ್ನು ಕಡ್ಡಾಯಗೊಳಿಸಿತು. ಆ ಆರರಲ್ಲಿ ನಾಲ್ಕು ಬಣ್ಣಗಳು ನಮ್ಮ ದೇಶದಲ್ಲಿಯೂ ಬಳಕೆಯಲ್ಲಿವೆ.

ಇನ್ನೊಂದು ಸರಳವಾದ ಲೆಕ್ಕವಿದೆ. ಬಣ್ಣದ ಸುರಕ್ಷಿತ ಪ್ರಮಾಣವನ್ನು ದೇಹದ ತೂಕಕ್ಕೆ ಅನುಗುಣವಾಗಿ ಎಣಿಸುತ್ತಾರೆ. 60 ಕಿಲೋ ತೂಕದ ತಂದೆಯೂ 15 ಕಿಲೋ ತೂಕದ ಮಗುವೂ ಒಂದೇ ಬಗೆಯ ಒಂದೊಂದು ಬಿಸ್ಕತ್ತು ತಿಂದರೆ, ತೂಕಕ್ಕೆ ಹೋಲಿಸಿದಾಗ ಮಗುವಿನ ದೇಹ ಸೇರಿದ ಬಣ್ಣ ನಾಲ್ಕು ಪಟ್ಟು. ಬಣ್ಣದ ತಿನಿಸುಗಳನ್ನು ಹೆಚ್ಚು ತಿನ್ನುವವರೂ ಮಕ್ಕಳೇ. ಆದುದರಿಂದ ಎಚ್ಚರ ಮಕ್ಕಳ ತಟ್ಟೆಯಿಂದಲೇ ಆರಂಭವಾಗುವುದು ಯುಕ್ತ.

ಪೊಟ್ಟಣದ ಮೇಲಿನ ಸಂಖ್ಯೆಗಳು

ಕೊಂಡು ತರಲೇಬೇಕಾದಾಗ ಪೊಟ್ಟಣದ ಹಿಂಬದಿಯನ್ನು ಓದುವ ಅಭ್ಯಾಸ ಇಟ್ಟುಕೊಳ್ಳಬೇಕು. ಕೃತಕ ಬಣ್ಣ ಬಳಸಿದ್ದರೆ ಅದನ್ನು ಹೆಸರು ಅಥವಾ ಸಂಖ್ಯೆಯಿಂದ ಸೂಚಿಸಿರುತ್ತಾರೆ. 102 ಎಂದರೆ ಟಾರ್ಟ್ರಜೈನ್ ಎಂಬ ಹಳದಿ, 110 ಎಂದರೆ ಸನ್‌ಸೆಟ್ ಯೆಲ್ಲೋ, 122 ಕಾರ್ಮೋಸಿನ್, 124 ಪಾನ್ಸೋ 4-ಆರ್. ಯುರೋಪಿನ ಎಚ್ಚರಿಕೆಗೆ ಒಳಪಟ್ಟು ನಮ್ಮಲ್ಲಿಯೂ ಬಳಕೆಯಲ್ಲಿರುವ ನಾಲ್ಕು ಇವೇ.

ಸಸ್ಯಾಹಾರಿಗಳು ಇನ್ನೆರಡು ಸಂಖ್ಯೆಗಳನ್ನು ನೆನಪಿಡುವುದು ಒಳ್ಳೆಯದು. 120 ಎಂಬುದು ಕಾರ್ಮೈನ್. ಇದು ಕೀಟಗಳನ್ನು ಒಣಗಿಸಿ ತೆಗೆದ ಕೆಂಪು. 904 ಎಂಬುದು ಅರಗಿನ ಹುಳುವಿನಿಂದ ದೊರೆಯುವ ಹೊಳಪು. ಕೇಕು-ಬಿಸ್ಕತ್ತುಗಳ ಮೇಲೆ ಉದುರಿಸುವ ಹೊಳೆಯುವ ಬಣ್ಣದ ಕಾಳುಗಳ ಮೇಲೆ ಇದನ್ನು ಲೇಪಿಸುವುದುಂಟು. ‘ನೈಸರ್ಗಿಕ’ ಎಂಬ ಮಾತು ‘ಸಸ್ಯಜನ್ಯ’ ಎಂಬ ಅರ್ಥವನ್ನೇ ಕೊಡಬೇಕೆಂದಿಲ್ಲ.

ಅಡುಗೆಮನೆಯ ಬಣ್ಣಗಳ ಸ್ವಭಾವ

ಸಸ್ಯದ ಬಣ್ಣಗಳ ಮೇಲೆ ಪ್ರಭಾವ ಬೀರುವ ಸಂಗತಿಗಳು ಮೂರು: ಕಾವು, ಹುಳಿ ಮತ್ತು ಕ್ಷಾರ. ಹುಳಿಯೆಂದರೆ ನಿಂಬೆರಸ, ಮೊಸರು. ಕ್ಷಾರವೆಂದರೆ ಅಡುಗೆ ಸೋಡಾ. ಒಂದು ಬಣ್ಣಕ್ಕೆ ಹಿತವಾದದ್ದು ಇನ್ನೊಂದಕ್ಕೆ ಅಹಿತ.

ಅರಿಸಿನದ ಹಳದಿ: ಇದರ ಬಣ್ಣದ ಸಾರ ಕರ್ಕ್ಯುಮಿನ್. ಇದು ಜಿಡ್ಡಿನಲ್ಲಿ ಕರಗುತ್ತದೆ, ಒಲೆಯ ಕಾವನ್ನು ಚೆನ್ನಾಗಿ ತಾಳುತ್ತದೆ. ಆದರೆ ಕ್ಷಾರ ತಗಲಿದರೆ ಕೆಂಪಾಗುತ್ತದೆ. ಅರಿಸಿನಕ್ಕೆ ಸುಣ್ಣ ಬೆರೆಸಿದರೆ ಓಕುಳಿ ಕೆಂಪಾಗುವುದೂ, ಕುಂಕುಮ ಸಿದ್ಧವಾಗುವುದೂ ಈ ಗುಣದಿಂದಲೇ. ಸೋಡಾ ಹಾಕಿದ ಹಿಟ್ಟಿನಲ್ಲಿ ಹಳದಿ ಬಿಸ್ಕತ್ತು ಕೆಂಗಂದು ಬಣ್ಣಕ್ಕೆ ತಿರುಗಲು ಇದೇ ಕಾರಣ. ಬಿಡಿಯಾಗಿ ಮಾರುವ ಅರಿಸಿನದ ಪುಡಿಯಲ್ಲಿ ಸೀಸದ ಕ್ರೋಮೇಟ್ ಮತ್ತು ಮೆಟಾನಿಲ್ ಹಳದಿಗಳ ಕಲಬೆರಕೆ ನಡೆದ ಉದಾಹರಣೆಗಳಿವೆ. ಸೀಸ ಮಕ್ಕಳ ಮಿದುಳಿನ ಬೆಳವಣಿಗೆಗೆ ಮಾರಕ. ಆದುದರಿಂದ ಅರಿಸಿನದ ಕೊಂಬನ್ನು ತಂದು ತೊಳೆದು, ಒಣಗಿಸಿ, ಪುಡಿಮಾಡಿಕೊಳ್ಳುವುದು ಲೇಸು.

ಬೀಟ್‌ರೂಟಿನ ಕೆಂಪು: ಇದರ ಬಣ್ಣ ಬೀಟಾನಿನ್ ಎಂಬುದರದು. ನೀರಿನಲ್ಲಿ ಕರಗುವ ಈ ಬಣ್ಣ ಕಾವಿಗೆ ಅಂಜುತ್ತದೆ. ಹೆಚ್ಚು ಹೊತ್ತು ಬೇಯಿಸಿದರೆ ಕಂದಾಗುತ್ತದೆ. ನಿಂಬೆರಸದ ನಾಲ್ಕು ಹನಿ ಇದಕ್ಕೆ ರಕ್ಷೆ. ಮಂದವಾದ ಕಾವು ಮತ್ತು ಕಡಿಮೆ ಸಮಯ ಇದರ ಎರಡನೆಯ ರಕ್ಷೆ. ಬೀಟ್‌ರೂಟ್ ತಿಂದ ಕೆಲವು ಮಕ್ಕಳ ಮೂತ್ರ ಅಥವಾ ಮಲ ಕೆಂಪಾಗಿ ಕಾಣುವುದುಂಟು. ಅದು ಬೀಟ್‌ರೂಟಿನ ಬಣ್ಣವೇ ಆಗಿದ್ದರೆ ಒಂದೆರಡು ದಿನಗಳಲ್ಲಿ ಮಾಯವಾಗುತ್ತದೆ. ಹಾಗಾಗದಿದ್ದರೆ ವೈದ್ಯರಿಗೆ ತೋರಿಸಬೇಕು.

ಪಾಲಕಿನ ಹಸಿರು: ಎಲೆಯ ಪತ್ರಹರಿತ್ತಿಗೆ ಹುಳಿಯೇ ಶತ್ರು. ಹುಳಿ ಮತ್ತು ಕಾವು ಸೇರಿದಾಗ ಪತ್ರಹರಿತ್ತಿನೊಳಗಿನ ಮೆಗ್ನೀಸಿಯಂ ಕಳಚಿಹೋಗಿ, ಎಲೆಹಸಿರು ಮಾಸಲು ಹಸಿರಾಗುತ್ತದೆ. ಆದುದರಿಂದ ಹಸಿರು ಹಿಟ್ಟಿಗೆ ನಿಂಬೆರಸವಾಗಲಿ ಮೊಸರಾಗಲಿ ಸಲ್ಲದು. ಹಸಿರನ್ನು ಉಳಿಸಲು ಸೋಡಾ ಹಾಕುವವರಿದ್ದಾರೆ. ಅದರಿಂದ ರುಚಿ ಕೆಡುತ್ತದೆ, ಕೆಲವು ಜೀವಸತ್ವಗಳೂ ನಶಿಸುತ್ತವೆ.

ಗಜ್ಜರಿಯ ಕಿತ್ತಳೆ: ಇದರ ಬೀಟಾ ಕ್ಯಾರೊಟಿನ್ ಜಿಡ್ಡಿನಲ್ಲಿ ಕರಗುತ್ತದೆ. ತುರಿದ ಗಜ್ಜರಿಯನ್ನು ತುಪ್ಪದಲ್ಲಿ ಸಣ್ಣ ಉರಿಯಲ್ಲಿ ಬಾಡಿಸಿ ಸೋಸಿದರೆ ತುಪ್ಪವೇ ಕಿತ್ತಳೆ ಬಣ್ಣ ತಳೆಯುತ್ತದೆ. ಆ ತುಪ್ಪದಿಂದ ಹಿಟ್ಟು ಕಲಸಿದರಾಯಿತು.

ರಾಗಿಯ ಕಂದು: ಇದಕ್ಕೆ ಕಾವಿನ ಭಯವೂ ಇಲ್ಲ, ಹುಳಿಯ ಭಯವೂ ಇಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿರುವುದು ಇದರ ಹೆಚ್ಚುಗಾರಿಕೆ. ಕಣ್ಣು-ಮೂಗು ಮೂಡಿಸಲು ಕರಿಯ ಎಳ್ಳು ಅಥವಾ ಗುರೆಳ್ಳು, ಬಿಳಿಯ ಚುಕ್ಕಿಗೆ ಬಿಳಿ ಎಳ್ಳು ಅಥವಾ ಕೊಬ್ಬರಿಯ ತುರಿ ಸಾಕು.

ಹೀಗೆ ನಿಂಬೆ ಕೆಂಪನ್ನು ಉಳಿಸಿ ಹಸಿರನ್ನು ಕೆಡಿಸುತ್ತದೆ. ಸೋಡಾ ಹಸಿರನ್ನು ಉಳಿಸಿ ಹಳದಿಯನ್ನು ಕೆಡಿಸುತ್ತದೆ. ಎಲ್ಲ ಬಣ್ಣಗಳಿಗೂ ಒಪ್ಪುವ ಹಿಟ್ಟು ಬೇಕಾದರೆ ಸೋಡಾ, ಬೇಕಿಂಗ್ ಪೌಡರ್ ಯಾವುದನ್ನೂ ಹಾಕದಿರುವುದೇ ಸುಲಭದ ದಾರಿ. ಅದರಿಂದ ಇನ್ನೊಂದು ಲಾಭವೂ ಉಂಟು. ಉಬ್ಬದ ಹಿಟ್ಟಿನಲ್ಲಿ ಕತ್ತರಿಸಿದ ಆಕಾರ ಕೆಡದೆ ನಿಲ್ಲುತ್ತದೆ.

ಪ್ರಮಾಣ ಮತ್ತು ಸಿದ್ಧತೆ

ಈ ಬಿಸ್ಕತ್ತಿಗೆ ಮೊಟ್ಟೆ ಬೇಡ. ಹಿಟ್ಟನ್ನು ಹಿಡಿದಿಡುವ ಕೆಲಸವನ್ನು ತುಪ್ಪ ಮತ್ತು ತುಸು ತೇವಾಂಶವೇ ಮಾಡುತ್ತವೆ. ನಾಲ್ಕು ಬಟ್ಟಲುಗಳನ್ನು ಸಾಲಾಗಿ ಇಟ್ಟುಕೊಳ್ಳಿರಿ. ಮೊದಲ ಮೂರು ಬಟ್ಟಲುಗಳಲ್ಲಿ ಒಂದೊಂದಕ್ಕೆ ಸಣ್ಣ ಜರಡಿ ಹಿಡಿದ ಗೋಧಿ ಹಿಟ್ಟು 40 ಗ್ರಾಂ, ಅಕ್ಕಿ ಹಿಟ್ಟು 10 ಗ್ರಾಂ, ಪುಡಿ ಮಾಡಿದ ಸಕ್ಕರೆ 18 ಗ್ರಾಂ, ಗಟ್ಟಿ ತುಪ್ಪ 25 ಗ್ರಾಂ, ಚಿಟಿಕೆ ಉಪ್ಪು ಹಾಗೂ ತುಸು ಏಲಕ್ಕಿ ಪುಡಿ. ನಾಲ್ಕನೆಯ ಬಟ್ಟಲಿಗೆ ಹುರಿದ ರಾಗಿ ಹಿಟ್ಟು 35 ಗ್ರಾಂ, ಗೋಧಿ ಹಿಟ್ಟು 15 ಗ್ರಾಂ, ಬೆಲ್ಲದ ಪುಡಿ 18 ಗ್ರಾಂ, ತುಪ್ಪ 25 ಗ್ರಾಂ. ಬೆಲ್ಲವನ್ನು ರಾಗಿಗೆ ಮಾತ್ರ ಬಳಸುವುದಕ್ಕೆ ಕಾರಣವಿದೆ: ಬೆಲ್ಲದ ಕಂದು ಉಳಿದ ಬಣ್ಣಗಳನ್ನು ಮುಚ್ಚಿಬಿಡುತ್ತದೆ.

ಪ್ರತಿ ಬಟ್ಟಲಿನಲ್ಲಿ ಮೊದಲು ತುಪ್ಪ ಮತ್ತು ಸಕ್ಕರೆಯನ್ನು ನಾದಿ, ಆಮೇಲೆ ಹಿಟ್ಟನ್ನೂ ಬಣ್ಣವನ್ನೂ ಸೇರಿಸಬೇಕು. ಹಳದಿಗೆ ಎರಡು ಚಿಟಿಕೆ ಅರಿಸಿನ ಮತ್ತು ಎರಡು ಚಹಾ ಚಮಚ ಹಾಲು ಸಾಕು. ಹೆಚ್ಚಾದರೆ ಕಹಿ ಬರುತ್ತದೆ. ಕೆಂಪಿಗೆ ಬೀಟ್‌ರೂಟಿನ ರಸವನ್ನು ಅರ್ಧ ಬಟ್ಟಲು ತೆಗೆದುಕೊಂಡು, ಸಣ್ಣ ಉರಿಯಲ್ಲಿ ಒಂದು ದೊಡ್ಡ ಚಮಚಕ್ಕೆ ಇಳಿಯುವವರೆಗೆ ಬತ್ತಿಸಿ, ಆರಿದ ಮೇಲೆ ನಾಲ್ಕು ಹನಿ ನಿಂಬೆರಸ ಬೆರೆಸಿ, ಅದರಲ್ಲಿ ಎರಡು ಚಹಾ ಚಮಚದಷ್ಟನ್ನು ಹಿಟ್ಟಿಗೆ ಸೇರಿಸಬೇಕು. ಹಸಿರಿಗೆ ಪಾಲಕ್ ಎಲೆಗಳನ್ನು ಕುದಿವ ನೀರಿನಲ್ಲಿ ಅರ್ಧ ನಿಮಿಷ ಅದ್ದಿ, ತಣ್ಣೀರಿಗೆ ಹಾಕಿ, ಹಿಂಡಿ, ನುಣ್ಣಗೆ ಅರೆದ ಮುದ್ದೆ ಎರಡು ಚಹಾ ಚಮಚ. ರಾಗಿಗೆ ಎರಡು-ಮೂರು ಚಹಾ ಚಮಚ ಹಾಲು. ಹಿಟ್ಟು ಕೈಗೆ ಅಂಟದೆ ಉಂಡೆಗೆ ನಿಲ್ಲುವಂತಿದ್ದರೆ ಸರಿ. ಉದುರುತ್ತಿದ್ದರೆ ಹಾಲನ್ನು ಹನಿಹನಿಯಾಗಿ ಸೇರಿಸಿರಿ. ನಾಲ್ಕು ಉಂಡೆಗಳನ್ನೂ ಮುಚ್ಚಿ ಅರ್ಧ ಗಂಟೆ ತಂಪಾದ ಕಡೆ ಇಡಬೇಕು. ತುಪ್ಪ ಗಟ್ಟಿಯಾದರೆ ಮಾತ್ರ ಅಂಚುಗಳು ಚೊಕ್ಕಟವಾಗಿ ಕತ್ತರಿಸುತ್ತವೆ.

ಮಕ್ಕಳ ಕೈಗೆ ಬಂದಾಗ

ಇಲ್ಲಿಂದ ಮುಂದಿನ ಕೆಲಸ ಮಕ್ಕಳದು. ಕೈ ತೊಳೆಸಿ, ಮಣೆ ಕೊಟ್ಟು ಕೂರಿಸಿರಿ. ಹಿಟ್ಟನ್ನು ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಲಟ್ಟಿಸಿ, ಬಟ್ಟಲು, ಡಬ್ಬಿಯ ಮುಚ್ಚಳ ಮೊದಲಾದವುಗಳಿಂದ ಒತ್ತಿದರೆ ದುಂಡು ಬಿಲ್ಲೆಗಳು ದೊರೆಯುತ್ತವೆ. ಹಳದಿ ಬಿಲ್ಲೆಗೆ ಕೆಂಪು ಕೊಕ್ಕು ಅಂಟಿಸಿ, ಎಳ್ಳಿನ ಕಣ್ಣಿಟ್ಟರೆ ಕೋಳಿಮರಿಯಾಯಿತು. ಹಸಿರು ಬಿಲ್ಲೆಗೆ ರಾಗಿಯ ತಲೆ, ನಾಲ್ಕು ಕಾಲು ಅಂಟಿಸಿದರೆ ಆಮೆಯಾಯಿತು. ಹಳದಿಯ ಹಾಳೆಯ ಮೇಲೆ ಕೆಂಪಿನ ಹಾಳೆಯಿಟ್ಟು ಚಾಪೆಯಂತೆ ಸುತ್ತಿ ಅಡ್ಡಲಾಗಿ ಕೊಯ್ದರೆ ಸುರುಳಿ ಬಿಲ್ಲೆಗಳಾಗುತ್ತವೆ. ಅಂಟಿಸುವ ಜಾಗಕ್ಕೆ ಹಾಲಿನ ಒಂದು ಹನಿ ಸವರಿದರೆ ಬೇಯುವಾಗ ಕಳಚುವುದಿಲ್ಲ.

ಅಕ್ಷರ ಕಲಿಯುವ ಮಕ್ಕಳಿದ್ದರೆ ಹಿಟ್ಟನ್ನು ಬತ್ತಿಯಂತೆ ಹೊಸೆದು ಅ, ಆ, ಇ, ಈ ಬರೆಸಬಹುದು. ತನ್ನ ಹೆಸರಿನ ಮೊದಲ ಅಕ್ಷರವನ್ನು ತಾನೇ ಮಾಡಿ ತಿಂದ ಮಗು ಅದನ್ನು ಮರೆಯುವುದು ಕಷ್ಟ. ತರಕಾರಿಯನ್ನು ಕಂಡರೆ ಮುಖ ತಿರುಗಿಸುವ ಮಗು ತಾನೇ ಹಿಂಡಿದ ಪಾಲಕ್, ತಾನೇ ತುರಿದ ಬೀಟ್‌ರೂಟಿನೊಡನೆ ಪರಿಚಯ ಬೆಳೆಸಿಕೊಳ್ಳುವುದೂ ಈ ಆಟದ ಒಂದು ಫಲ. ಬಿಸ್ಕತ್ತಿಗೆ ಸೇರುವ ತರಕಾರಿ ಅತ್ಯಲ್ಪ. ಅದು ಊಟದ ಪಲ್ಯಕ್ಕೆ ಬದಲಿಯಾಗಲಾರದು. ಆದರೆ ಮಗುವಿನ ಕೈ ಹಿಡಿದು ಪಲ್ಯದವರೆಗೆ ಕರೆದೊಯ್ಯುವ ಮೊದಲ ಹೆಜ್ಜೆಯಾಗಬಹುದು.

ನೇರಳೆ ಬಣ್ಣದ ಎಲೆಕೋಸು ದೊರೆತರೆ ಮಕ್ಕಳಿಗೆ ಒಂದು ವಿನೋದ ತೋರಿಸಿರಿ. ಅದನ್ನು ಹೆಚ್ಚಿ ಬಿಸಿನೀರಿನಲ್ಲಿ ಹತ್ತು ನಿಮಿಷ ನೆನೆಸಿದರೆ ನೇರಳೆ ನೀರು ಸಿದ್ಧ. ಅದನ್ನು ಎರಡು ಲೋಟಗಳಲ್ಲಿ ಹಾಕಿ, ಒಂದಕ್ಕೆ ನಿಂಬೆರಸ ಹಿಂಡಿದರೆ ಗುಲಾಬಿಯಾಗುತ್ತದೆ, ಇನ್ನೊಂದಕ್ಕೆ ಕಾಳಿನಷ್ಟು ಸೋಡಾ ಹಾಕಿದರೆ ನೀಲಿಯಾಗುತ್ತದೆ. ಈ ನೀರಿನ ಕೆಲವು ಹನಿಗಳನ್ನು ಎರಡು ಚಮಚ ಪುಡಿ ಸಕ್ಕರೆಗೆ ಬೆರೆಸಿ, ಬೆಂದು ಆರಿದ ಬಿಸ್ಕತ್ತಿನ ಮೇಲೆ ಮೀಸೆ, ರೆಕ್ಕೆ, ಚುಕ್ಕಿ ಬರೆಯಬಹುದು. ಇದನ್ನು ಗೆರೆ ಎಳೆಯಲು ಮಾತ್ರ ಬಳಸಬೇಕು. ಪೂರ್ತಿ ಬಳಿದರೆ ಸಕ್ಕರೆಯ ಪ್ರಮಾಣ ಬಹಳವಾಗುತ್ತದೆ.

ಬೇಯಿಸುವ ಕ್ರಮ

ಓವನ್ ಇದ್ದರೆ ಹತ್ತು ನಿಮಿಷ ಮೊದಲೇ 150 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, 18ರಿಂದ 20 ನಿಮಿಷ ಬೇಯಿಸಬೇಕು. ಅಂಗಡಿಯ ಬಿಸ್ಕತ್ತಿನಂತೆ ಹೊಂಬಣ್ಣ ಬರುವವರೆಗೆ ಕಾಯಬಾರದು. ಕಾವು ಏರಿದಂತೆ ಹಿಟ್ಟಿನ ಸಕ್ಕರೆ ಮತ್ತು ಪ್ರೋಟೀನುಗಳು ಕೂಡಿ ಕಂದು ಬಣ್ಣ ತಳೆಯುತ್ತವೆ. ಆ ಕಂದು ನಮ್ಮ ಕೆಂಪು-ಹಸಿರುಗಳನ್ನು ನುಂಗುತ್ತದೆ. ತಳದ ಅಂಚು ತುಸು ಬಣ್ಣಗೂಡಿದೊಡನೆ ತೆಗೆಯುವುದು ಸರಿಯಾದ ಹದ. ಆಗ ಮೆತ್ತಗಿದ್ದರೂ ತಟ್ಟೆಯ ಮೇಲೆಯೇ ಆರಿದಾಗ ಗಟ್ಟಿಯಾಗುತ್ತದೆ.

ಓವನ್ ಇಲ್ಲದವರು ದಪ್ಪ ತಳದ ಕಬ್ಬಿಣದ ಬಾಣಲೆಯಲ್ಲಿ ಒಂದು ಪದರ ಉಪ್ಪು ಹರಡಿ, ನಡುವೆ ಸಿಂಬಿಯಿಟ್ಟು, ಮುಚ್ಚಳ ಮುಚ್ಚಿ ಹತ್ತು ನಿಮಿಷ ಕಾಯಿಸಬೇಕು. ಆಮೇಲೆ ತುಪ್ಪ ಸವರಿದ ತಟ್ಟೆಯಲ್ಲಿ ಬಿಸ್ಕತ್ತುಗಳನ್ನು ಜೋಡಿಸಿ ಸಿಂಬಿಯ ಮೇಲಿಟ್ಟು, ಸಣ್ಣ ಉರಿಯಲ್ಲಿ 20ರಿಂದ 25 ನಿಮಿಷ ಬೇಯಿಸಬೇಕು. ಈ ಹಂತದಲ್ಲಿ ಮಕ್ಕಳನ್ನು ಒಲೆಯಿಂದ ದೂರವಿರಿಸಬೇಕು.

ಪೂರ್ತಿ ಆರಿದ ಮೇಲೆ ಸ್ಟೀಲ್ ಡಬ್ಬಿಯಲ್ಲಿ ತುಂಬಿಡಿರಿ. ಗಾಜಿನ ಜಾಡಿ ನೋಡಲು ಚೆಂದವಾದರೂ ಬೆಳಕು ತಗಲಿದರೆ ಅರಿಸಿನ ಮತ್ತು ಪಾಲಕಿನ ಬಣ್ಣಗಳು ಮಾಸುತ್ತವೆ. ಸಂರಕ್ಷಕ ಸೇರಿಸದ ತಿನಿಸಾದುದರಿಂದ ಒಂದು ವಾರದೊಳಗೆ ಮುಗಿಸುವುದು ಒಳ್ಳೆಯದು.

ಎಷ್ಟು, ಯಾರಿಗೆ?

ಮನೆಯಲ್ಲಿ ಮಾಡಿದ್ದೆಂಬ ಮಾತ್ರಕ್ಕೆ ಸಿಹಿ ಸಿಹಿಯಲ್ಲದೆ ಹೋಗುವುದಿಲ್ಲ. ಬೆಲ್ಲವೂ ಕ್ಯಾಲೊರಿಯಲ್ಲಿ ಸಕ್ಕರೆಗೆ ಹೆಚ್ಚುಕಡಿಮೆ ಸಮಾನವೇ. ಮೇಲಿನ ಪ್ರಮಾಣದಲ್ಲಿ ಸಕ್ಕರೆ-ಬೆಲ್ಲಗಳು ಒಟ್ಟು 72 ಗ್ರಾಂ. 36 ಬಿಸ್ಕತ್ತು ಮಾಡಿದರೆ ಒಂದೊಂದರಲ್ಲಿ 2 ಗ್ರಾಂ. ಮುಕ್ತ ಸಕ್ಕರೆಯಿಂದ ದೊರೆಯುವ ಶಕ್ತಿ ದಿನದ ಒಟ್ಟು ಶಕ್ತಿಯ ಶೇಕಡಾ 10ಕ್ಕಿಂತ ಕಡಿಮೆ ಇರಬೇಕು, ಶೇಕಡಾ 5ಕ್ಕಿಂತ ಕಡಿಮೆಯಾದರೆ ಇನ್ನೂ ಒಳಿತು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2015ರ ಸಲಹೆ. ದಿನಕ್ಕೆ ಸುಮಾರು 1,350 ಕಿಲೋ ಕ್ಯಾಲೊರಿ ಬೇಕಾದ ಐದು ವರ್ಷದ ಮಗುವಿಗೆ ಶೇಕಡಾ 5 ಎಂದರೆ ಸುಮಾರು 17 ಗ್ರಾಂ. ಹಾಲಿಗೆ, ಹಣ್ಣಿನ ರಸಕ್ಕೆ ಹಾಕಿದ ಸಕ್ಕರೆಯೂ ಈ ಲೆಕ್ಕದೊಳಗೇ ಬರಬೇಕು. ಆದುದರಿಂದ ದಿನಕ್ಕೆ ಎರಡು ಬಿಸ್ಕತ್ತು, ಅದೂ ಊಟದ ನಂತರ, ವಾರಕ್ಕೆ ಎರಡು-ಮೂರು ದಿನ ಎಂಬ ನಿಯಮ ಹಿತಕರ. ತಿಂದ ಮೇಲೆ ಬಾಯಿ ಮುಕ್ಕಳಿಸುವ ಅಭ್ಯಾಸ ಮಾಡಿಸಬೇಕು. ಬಿಸ್ಕತ್ತಿನ ಹಿಟ್ಟು ಹಲ್ಲಿನ ಸಂದಿಯಲ್ಲಿ ಬಹಳ ಹೊತ್ತು ಅಂಟಿಕೊಂಡಿರುತ್ತದೆ.

ಎರಡು ವರ್ಷದೊಳಗಿನ ಕೂಸುಗಳಿಗೆ ಸಕ್ಕರೆ ಸೇರಿಸಿದ ತಿನಿಸು ಬೇಡ. ಒಂದು ವರ್ಷದೊಳಗಿನವರಿಗೆ ಜೇನುತುಪ್ಪವನ್ನಂತೂ ಕೊಡಲೇಬಾರದು. ಚಿಕ್ಕ ಮಕ್ಕಳ ಬಿಸ್ಕತ್ತಿನ ಮೇಲೆ ಇಡಿಯ ಶೇಂಗಾ, ಗೋಡಂಬಿಗಳನ್ನು ಇಡಬಾರದು. ಗಂಟಲಿಗೆ ಸಿಕ್ಕುವ ಅಪಾಯವಿದೆ. ಗೋಧಿ, ಹಾಲು, ಎಳ್ಳು, ಶೇಂಗಾ ಇವುಗಳಲ್ಲಿ ಯಾವುದಾದರೂ ಒಗ್ಗದ ಮಕ್ಕಳಿರುತ್ತಾರೆ. ನೆರೆಮನೆಯ ಮಕ್ಕಳಿಗೆ ಹಂಚುವ ಮೊದಲು ಅವರ ತಾಯಂದಿರನ್ನು ಒಂದು ಮಾತು ಕೇಳುವುದು ಉಚಿತ.

ಮನೆಯ ಬಣ್ಣಗಳು ಅಂಗಡಿಯ ಬಣ್ಣದಂತೆ ಕಣ್ಣು ಕೋರೈಸುವುದಿಲ್ಲ. ಬೀಟ್‌ರೂಟಿನ ಕೆಂಪು ಬೆಂದ ಮೇಲೆ ಇಟ್ಟಿಗೆಯ ಛಾಯೆಗೆ ಇಳಿಯುತ್ತದೆ. ಪಾಲಕಿನ ಹಸಿರು ಬಾಳೆಯ ಚಿಗುರಿನಷ್ಟು ಎಳೆಯದಾಗಿ ಉಳಿಯುತ್ತದೆ. ಮಕ್ಕಳು ಮೊದಮೊದಲು ಈ ವ್ಯತ್ಯಾಸವನ್ನು ಗಮನಿಸಿ ಪ್ರಶ್ನಿಸಬಹುದು. ಅವರನ್ನೇ ಕೂರಿಸಿಕೊಂಡು ಎಲೆ ಅರೆದು, ಗಡ್ಡೆ ತುರಿದು ಬಣ್ಣ ತೆಗೆದರೆ ಉತ್ತರ ಅವರಿಗೇ ದೊರೆಯುತ್ತದೆ. ಬಣ್ಣ ಎಲ್ಲಿಂದ ಬರುತ್ತದೆಂದು ತಿಳಿದ ಮಗು, ನಾಳೆ ಜಾತ್ರೆಯ ಅಂಗಡಿಯಲ್ಲಿ ಕಣ್ಣು ಕುಕ್ಕುವ ಗುಲಾಬಿ ಮಿಠಾಯಿಯನ್ನು ಕಂಡಾಗ ‘ಇದಕ್ಕೆ ಯಾವ ಬಣ್ಣ ಹಾಕಿದ್ದಾರೆ?’ ಎಂದು ತಾನಾಗಿ ಕೇಳುವಂತಾದರೆ, ಬಿಸ್ಕತ್ತು ಮಾಡಿದ ಶ್ರಮ ಸಾರ್ಥಕವಾದಂತೆ.